ರಸ್ತೆಯ ಆಚೆಗೊಂದು ಟ್ಯಾಪ್, ಈಚೆಗೆರಡು

ಬಂದರಿನ ಧಕ್ಕೆಯಲ್ಲಿ ಮೀನಿನ ಏಲಂ ಇನ್ನೂ ಮುಗಿದಿಲ್ಲ. ಬಿಜೈಯಿಂದ ಮೊದಲ ಬಸ್ಸಿಗೆ ಬಂದ ಸೈಮನ್ ಆಗಲೇ ತಮ್ಮ ವರ್ಕ್‌ಶಾಪಿನ ಬಲ್ಬಿನಡಿ ನಿಂತಿದ್ದಾರೆ. ಒಂದು ಟ್ಯಾಪನ್ನು ಬೆರಳ ನಡುವೆ ತಿರುಗಿಸಿ ನೋಡುತ್ತಾರೆ, ಅದರ ಹಲ್ಲಿನ ಮೇಲೆ ಉಗುರು ಎಳೆಯುತ್ತಾರೆ, ಬೇಡವೆಂದು ಇಟ್ಟು ಇನ್ನೊಂದನ್ನು ಎತ್ತುತ್ತಾರೆ. ಕಬ್ಬಿಣದ ತೂತಿನೊಳಗೆ ಬೋಲ್ಟು ಹಿಡಿದುಕೊಳ್ಳುವಂತೆ ಥ್ರೆಡ್ ಕೊರೆಯುವ ಉಕ್ಕಿನ ಕಡ್ಡಿಯಿದು. ಬಂಗುಡೆ ಮೀನು ಆರಿಸುವವರೂ ಇಷ್ಟು ಸತಾಯಿಸುವುದಿಲ್ಲವಲ್ಲ ಎಂದು, ಅವರ ಬಗ್ಗೆ ಪೇಪರಿಗೆ ಬರೆಯಲು ಬಂದ ನಾನು ನಗುತ್ತೇನೆ.

"ಬಂಗುಡೆ ಹಾಳಾದ್ರೆ ಬಿಸಾಡ್ಬಹುದು ಮಾರಾಯ್ರೆ. ಇದು ಒಳಗೆ ಮುರಿದ್ರೆ ಇಂಜಿನ್ನೇ ಹೋಯ್ತು."

ಒಂದು ಸೆಟ್ಟಿನಲ್ಲಿ ಮೂರು ಟ್ಯಾಪುಗಳಿರುತ್ತವೆ. ತುದಿ ಸಪೂರವಾದ ಮೊದಲನೆಯದು ದಾರಿ ಮಾಡುತ್ತದೆ, ಎರಡನೆಯದು ಥ್ರೆಡ್ಡನ್ನು ಆಳವಾಗಿಸುತ್ತದೆ, ಮೂರನೆಯದು ತೂತಿನ ತಳದವರೆಗೂ ಹೋಗಿ ಕೆಲಸ ಮುಗಿಸುತ್ತದೆ. ಸೈಮನ್ ಅವರ ಹಲಗೆಯಲ್ಲಿರುವ ಹಳೆಯ ಇಂಚಿನ ಅಳತೆಯ ಸೆಟ್ಟುಗಳಲ್ಲಿ ಮೊದಲನೆಯ ಟ್ಯಾಪಿನ ಗುಳಿಗಳೆಲ್ಲ ಖಾಲಿ. ಆ ಟ್ಯಾಪುಗಳು ರಸ್ತೆಯ ಆಚೆ ಬದಿ, ಮೋಹನದಾಸ್ ಅವರ ಅಂಗಡಿಯಲ್ಲಿವೆ.

ಇಬ್ಬರೂ ಒಂದು ಕಾಲದ ಪಾಲುದಾರರು. ಮೋಹನದಾಸ್ ಡ್ರಿಲ್ ಮಾಡಿ ಮೊದಲ ಟ್ಯಾಪ್ ಇಳಿಸುತ್ತಿದ್ದರು, ಉಳಿದೆರಡು ಸೈಮನ್ ಕೈಗೆ. ಜಗಳವಾಡಿ ಬೇರೆಯಾದ ದಿನ ಇಬ್ಬರೂ ತಂತಮ್ಮ ಕೈಗೆ ಪಳಗಿದ್ದನ್ನು ಎತ್ತಿಕೊಂಡು ಹೊರಟರು. ಸೆಟ್ಟು ಒಡೆಯಬಾರದೆಂದು ಇಬ್ಬರಿಗೂ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಹೊಸ ಅಳತೆಯ ಸೆಟ್ಟುಗಳನ್ನು ಆಮೇಲೆ ಕೊಂಡರು. ಹಳೆ ಇಂಜಿನ್ನಿನ ಅಳತೆಯವು ಈಗ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಬೋಟಿನವರು ಮೊದಲು ಆಚೆ ಹೋಗಿ ಆಮೇಲೆ ಈಚೆ ಬರುತ್ತಾರೆ. ಹನ್ನೊಂದು ವರ್ಷಗಳಿಂದ ಒಬ್ಬರಿಗೊಬ್ಬರು ಮಾತಾಡದೆ ಇಬ್ಬರೂ ಸೇರಿ ಒಂದೇ ಕೆಲಸ ಮಾಡುತ್ತಿದ್ದಾರೆ. ಇಂಥ ಜಗಳವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇವತ್ತು ಉಳ್ಳಾಲದ ಬೋಟಿನ ನಿಝಾರ್ ಆಚೆ ಮೊದಲ ಟ್ಯಾಪ್ ಹಾಕಿಸಿ ತಂದ ಪಂಪಿನ ಜೊತೆ ಒಂದು ಬಟ್ಟೆಯ ಗಂಟೂ ಇದೆ. ಬಿಚ್ಚಿದರೆ ಆ ಮೊದಲ ಟ್ಯಾಪುಗಳು, ಎಲ್ಲವೂ, ಎಣ್ಣೆ ಹಚ್ಚಿ ಒರೆಸಿದಂಥವು.

"ಮೋಹನದಾಸಣ್ಣ ಕೊಟ್ಟದ್ದು ಸೈಮನಣ್ಣ. ಅವರಿಗೆ ಕಣ್ಣು ಹಿಡಿಯುದಿಲ್ಲ ಅಂತೆ, ಮುಂದಿನ ವಾರ ಅಂಗಡಿ ಮುಚ್ತಾರೆ. ಇನ್ನು ಇದು ನಿಮ್ಮಲ್ಲೇ ಇರ್ಲಿ ಅಂದ್ರು."

ಸೈಮನ್ ಅವನ್ನು ಖಾಲಿ ಗುಳಿಗಳಲ್ಲಿ ಇಡುವುದಿಲ್ಲ. ಸ್ಟೂಲಿನ ಮೇಲೆ ಕುಳಿತುಬಿಡುತ್ತಾರೆ. ಸೆಟ್ಟು ಪೂರ್ತಿಯಾದರೆ ರಸ್ತೆಯಾಚೆಗೆ ಇದ್ದ ಒಂದೇ ಒಂದು ನಂಟೂ ಮುಗಿಯಿತು. ನಿಝಾರ್ ಚಹಾಕ್ಕೆಂದು ಹೊರಗೆ ಹೋದ ಮೇಲೆ ನನ್ನತ್ತ ತಿರುಗುತ್ತಾರೆ.

"ಆ ಜಗಳ ಎಂತದಕ್ಕೆ ಗೊತ್ತುಂಟಾ? ಮರುದಿನ ಬೋಟ್ ಕಡಲಿಗೆ ಹೋಗ್ಬೇಕು. ಓನರ್ ತಲೆ ಮೇಲೆ ನಿಂತಿದ್ರು. ನಾನು ಅರ್ಜೆಂಟಿನಲ್ಲಿ ಎರಡನೇದು ಬಿಟ್ಟು ಸೀದಾ ಮೂರನೇದು ಹಾಕಿದೆ. ಟಕ್ ಅಂತ ಒಳಗೇ ಮುರೀತು. ಅಷ್ಟು ಜನರ ಎದುರು ನಾನು ಎಂತ ಹೇಳಿದೆ? ಮೋಹನ ಹಾಕಿದ ಹೋಲೇ ಸೊಟ್ಟ ಅಂತ ಹೇಳಿದೆ. ಅವನು ನನ್ನ ಮುಖ ನೋಡಿದ, ತನ್ನ ಟ್ಯಾಪೆಲ್ಲ ಎತ್ತಿಕೊಂಡು ಹೊರಟ."

ಧಕ್ಕೆಯಲ್ಲಿ ಮೋಹನದಾಸ್ ಅವರಿಗೆ 'ಸೊಟ್ಟ ಮೋಹನ' ಎಂಬ ಹೆಸರು ಅಂಟಿದ್ದು ಅಂದಿನಿಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ರಸ್ತೆ ದಾಟಿ ಹೋಗಿ ತಪ್ಪಾಯಿತು ಎನ್ನಬಹುದಲ್ಲ ಎಂದು ನಾನು ಕೇಳುತ್ತೇನೆ.

"ಊರೆದುರು ಹೇಳಿದ ಸುಳ್ಳನ್ನು ಅವನ ಕಿವಿಯಲ್ಲಿ ಗುಟ್ಟಾಗಿ ವಾಪಸ್ ತಗೊಳ್ಳುದಾ? ಅದು ನ್ಯಾಯ ಅಲ್ಲ."

ಎದ್ದು ಎರಡನೆಯ ಟ್ಯಾಪನ್ನು ಹಿಡಿಗೆ ಸಿಕ್ಕಿಸಿ ಪಂಪಿನ ತೂತಿಗೆ ಇಳಿಸುತ್ತಾರೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆಮೇಲೆ ಮೂರನೆಯದು. ಪುಡಿಯನ್ನು ಊದಿ ತೆಗೆದು ಬೋಲ್ಟನ್ನು ಬರೀ ಬೆರಳಲ್ಲಿ ತಿರುಗಿಸಿದರೆ ಅದು ತಳದವರೆಗೂ ನೆಟ್ಟಗೆ ಇಳಿಯುತ್ತದೆ. ಕಣ್ಣು ಕಾಣದವರು ಶುರು ಮಾಡಿದ ಕೆಲಸ. ಸೈಮನ್ ಕೈಯ ಎಣ್ಣೆ ಒರೆಸಿಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಾರೆ.

"ನಿಮ್ಮ ಪೇಪರ್ ಧಕ್ಕೆಯಲ್ಲಿ ಎಲ್ರೂ ಓದ್ತಾರೆ. ಮೋಹನನ ಮನೆಗೂ ಬರ್ತದೆ. ಅವನಿಗೆ ಕಾಣದಿದ್ರೂ ಹೆಂಡತಿ ನಳಿನಾಕ್ಷಿ ಓದಿ ಹೇಳ್ತಾರೆ. ನನ್ನ ವಿಷಯ ಬರೀದಿದ್ರೂ ಅಡ್ಡಿಲ್ಲ. ಇದೊಂದು ಬರೀರಿ. ಮೋಹನ ಅವತ್ತು ಹಾಕಿದ ಹೋಲ್ ನೇರ ಇತ್ತು."