ಅತ್ತೆ ಕೊಟ್ಟ ನಿದ್ದೆ

ಮಲಗಿದವರ ಪಕ್ಕದಿಂದ ಹಾದುಹೋಗುವಾಗ ನಮ್ಮ ಅತ್ತೆ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈಯತ್ತ ತಳ್ಳಿ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದರು. ಬಳೆ ಸದ್ದು ಮಾಡಬಾರದು. ದಪ್ಪ ಕೈ, ಬಳೆ ಒತ್ತಿದ ಕೆಂಪು ಗೆರೆಗಳು ಆಮೇಲೆ ಎಷ್ಟೋ ಹೊತ್ತು ಹಾಗೇ ಉಳಿದಿರುತ್ತಿದ್ದವು. ಮಾನ್ವಿಯ ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಇದನ್ನು ನೋಡಿ ನನಗೆ ನಗು ಬಂದಿತ್ತು.

ಅಭ್ಯಾಸ ಬಿದ್ದದ್ದು ಮಾವನಿಂದ. ಮಾವ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಪ್ರಾಯವೆಲ್ಲ ರಾತ್ರಿ ಪಾಳಿಯಲ್ಲೇ ಕಳೆದವರು, ಹಗಲು ಮನೆ ಮುಂದೆ ಸೈಕಲ್ ರಿಪೇರಿ. ನಡುವೆ ಎರಡು ಮೂರು ತಾಸು ಕಣ್ಣು ಮುಚ್ಚಿದರೆ ಹೆಚ್ಚು. ಓಣಿಯವರು ಅವರನ್ನು ನಿದ್ದೆ ಗೆದ್ದ ಮನುಷ್ಯ ಎಂದು ಹೊಗಳುತ್ತಿದ್ದರು. ಆ ಎರಡು ಮೂರು ತಾಸನ್ನು ಕಾದವರು ಅತ್ತೆ.

ಗಿರಣಿ ಬಿಟ್ಟ ಕೆಲವು ವರ್ಷಕ್ಕೆ ಮಾವನಿಗೆ ಮರೆವು ಶುರುವಾಯಿತು. ಒಂದು ಸಂಜೆ ನಮ್ಮದೇ ಬಾಗಿಲ ಮುಂದೆ ನಿಂತು, "ಇದು ಯಾರ ಮನಿರೀ?" ಎಂದು ಅತ್ತೆಯನ್ನೇ ಕೇಳಿದರು. ಅತ್ತೆಯೂ ನಾನೂ ಅವರನ್ನು ರಾಯಚೂರಿನ ವೈದ್ಯರ ಬಳಿ ಕರೆದುಕೊಂಡು ಹೋದೆವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅತ್ತೆ ಕೇಳಿದರು: "ಸಾಹೇಬ್ರ, ಇವ್ರು ಜೀವಮಾನ ಎಲ್ಲಾ ನಿದ್ದಿಗೆಟ್ಟಾರ. ಅದಕ್ಕ ಹಿಂಗಾತೇನ್ರಿ?"

"ಅದೊಂದ ಕಾರಣ ಅಂತ ಹೇಳಾಕ ಬರಲ್ಲವ್ವ," ಎಂದರು ವೈದ್ಯರು. "ವಯಸ್ಸಾಗ್ಯದ, ಬಿಪಿ ಅದ. ಆದ್ರ ವರ್ಷಾನುಗಟ್ಟಲೆ ನಿದ್ದಿ ಕಡಿಮಿ ಆದ್ರ ಮೆದುಳಿಗೆ ಛಲೋ ಅಲ್ಲ. ದೊಡ್ಡವರಿಗೂ ಏಳು ತಾಸಿನಷ್ಟು ಬೇಕು. ನಾವು ಮಕ್ಕೊಂಡಾಗ ಮೆದುಳು ಹಗಲೆಲ್ಲಾ ಕೂಡಿದ ಕಸ ತಗೀತದ, ಕಲಿತದ್ದು ಜೋಡಿಸಿ ಇಡ್ತದ."

ಅತ್ತೆ, "ಹಂಗಾರ ಮಕ್ಕೊಂಡವರು ಸುಮ್ಮನ ಖಾಲಿ ಇರಂಗಿಲ್ಲ ಅಂದಂಗಾತು," ಎಂದರು. ಆ ದಿನದಿಂದ ಅದು ಅವರ ಬಾಯಿಯ ಮಾತಾಯಿತು.

ನಾನು ಆಗ ರಾಯಚೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ನಸುಕಿಗೆ ಎದ್ದು ಅಡುಗೆ ಮುಗಿಸಿ ಬಸ್ಸು ಹಿಡಿಯಬೇಕು, ಸಂಜೆ ಬಂದು ಮತ್ತೆ ಅಡುಗೆ, ಮಲಗುವ ಮೊದಲು ನಾಳೆಯ ಪಾಠ. ಒಂದು ದಿನ ತರಗತಿಯಲ್ಲಿ ಹಲಗೆಯ ಮೇಲೆ ಎಲೆಯ ಚಿತ್ರ ಬಿಡಿಸಿ ತಿರುಗಿದರೆ, ದ್ಯುತಿಸಂಶ್ಲೇಷಣೆ ಎಂಬ ಮಾತು ಬಾಯಿಗೆ ಬರಲೇ ಇಲ್ಲ. ಪ್ರತಿ ವರ್ಷ ಕಲಿಸುವ ಮಾತು. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿಕೊಟ್ಟಳು. ಮಾವನ ಮುಖ ಕಣ್ಣ ಮುಂದೆ ಬಂತು. ಮನೆಗೆ ಬಂದು ಅತ್ತೆಗೆ ಹೇಳಿ ಅತ್ತುಬಿಟ್ಟೆ.

ಮರುದಿನ ನನಗೆ ಎಚ್ಚರವಾದಾಗ ಬಿಸಿಲು ಬಿದ್ದಿತ್ತು, ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನನ್ನ ಗಂಡ ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿದ್ದರು. "ರೊಟ್ಟಿ ಬಡಿಯಾಕ ಬರಲ್ಲ ಅಂದ. ಪಾತ್ರಿ ತಿಕ್ಕಾಕ ಬರ್ತದಲ್ಲ," ಎಂದರು ಅತ್ತೆ.

ಯಾರೂ ಏಳು ತಾಸಿಗಿಂತ ಕಡಿಮೆ ಮಲಗಬಾರದು, ಇದು ಮನೆಯ ಕಟ್ಟಳೆಯೇ ಆಯಿತು. ದೇವದುರ್ಗದಿಂದ ಬಂದ ಮಾವನ ಅಕ್ಕ ಒಂದು ಮುಂಜಾನೆ ಇದನ್ನೆಲ್ಲ ನೋಡಿ, "ನೀ ರೊಟ್ಟಿ ಬಡಿಯಾಕತ್ತಿ, ಸೊಸಿ ಇನ್ನಾ ಮಕ್ಕೊಂಡಾಳೇನು?" ಎಂದು ನನಗೂ ಕೇಳುವಂತೆ ಅಂದರು.

"ಹೌದ್ರೀ. ದಿನಾ ಹುಡುಗರ ತಲಿ ತುಂಬಾಕ ಹೋಗ್ತಾಳ. ಆಕಿ ತಲಿನ ಖಾಲಿ ಆದ್ರ ಏನ್ ತುಂಬ್ತಾಳ? ನೀವು ಚಾ ಕುಡೀರಿ. ಎದ್ದ ಮ್ಯಾಲ ಮಾತಾಡಸ್ರಿ," ಎಂದರು ಅತ್ತೆ, ಕೈ ನಿಲ್ಲಿಸದೆ. ಆ ಹಿರಿಯರ ಮುಂದೆ ಅವರು ಎದುರಾಡಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲವಂತೆ.

ಮಾವ ರಾತ್ರಿ ಎದ್ದು ಗಿರಣಿಗೆ ಹೊರಡುತ್ತೇನೆಂದು ಬಾಗಿಲು ಹುಡುಕುತ್ತಿದ್ದರು. ಅವರ ಹಿಂದೆಯೇ ಅತ್ತೆ. ಇದನ್ನು ನಾವು ದೊಡ್ಡದಾಗಿ ಎಣಿಸಿರಲಿಲ್ಲ, ಅವರೂ ಹೇಳಿರಲಿಲ್ಲ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಇನ್ನೊಂದು ದಿನ ಅತ್ತೆ ಸಂತೆಯಲ್ಲಿ ಕೊಂಡ ಕಾಯಿಪಲ್ಲೆಯ ಚೀಲವನ್ನು ಅಲ್ಲೇ ಬಿಟ್ಟು ಬಂದರು. ಕಟ್ಟೆಯ ಮೇಲೆ ಕುಳಿತು, "ಯವ್ವಾ, ನನಗೂ ಹಂಗ ಆಗಾಕತ್ತದೇನು?" ಎಂದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಅತ್ತಿ, ನೀವು ಮಕ್ಕೊಂಡು ಎಷ್ಟು ದಿನ ಆತು?" ಎಂದೆ.

"ಅವ್ರು ನನ್ನ ಬಿಟ್ರ ಯಾರ ಮಾತೂ ಕೇಳಂಗಿಲ್ಲ."

"ಕೇಳಂಗ ಮಾಡೋಣ್ರಿ. ಮನಿಗೆಲ್ಲಾ ಒಂದ ಕಟ್ಟಳೆ ಅಂದ್ರ ನಿಮಗೂ ಅದ."

ಒಪ್ಪಿಸಲು ನಾಲ್ಕಾರು ದಿನ ಹಿಡಿಯಿತು. ಕಡೆಗೆ ನನ್ನ ಗಂಡ ತಮ್ಮ ಮಂಚವನ್ನು ಮಾವನ ಪಕ್ಕಕ್ಕೆ ಹಾಕಿಕೊಂಡರು, ರಜೆಯ ಹಿಂದಿನ ರಾತ್ರಿ ನನ್ನ ಪಾಳಿ. ಅತ್ತೆ ಒಳಗಿನ ಕೋಣೆಯಲ್ಲಿ ಮಲಗಿದರು. ಸಂಜೆ ಮಾವನನ್ನು ಕೈಹಿಡಿದು ಹಳೆಯ ಗಿರಣಿಯವರೆಗೆ ನಡೆಸಿಕೊಂಡು ಬರುವುದು ಮಾತ್ರ ಅವರೇ. ಮಧ್ಯಾಹ್ನದ ಮೇಲೆ ಮಾವನ ಚಹಾ ಬಂದ್ ಮಾಡಿದವರೂ ಅವರೇ. ಮಾವನ ರೋಗ ನಿಲ್ಲಲಿಲ್ಲ. ಆದರೆ ರಾತ್ರಿಯ ಅಡ್ಡಾಟ ಕಡಿಮೆಯಾಯಿತು. ಅತ್ತೆಯ ಮುಖಕ್ಕೆ ಮೊದಲಿನ ಕಳೆ ಬಂತು, ಸಾರಿಗೆ ಮೊದಲಿನ ರುಚಿ ಬಂತು. ಸೊಸೆಗಾಗಿ ಹಟ ಹಿಡಿದವರನ್ನು ಕಂಡಿದ್ದೇನೆ. ತಾವು ಹಾಕಿದ ಕಟ್ಟಳೆಗೆ ತಾವೂ ತಲೆಬಾಗಿದವರನ್ನು ಹೆಚ್ಚು ಕಂಡಿಲ್ಲ.

ಮಾವ ತೀರಿಕೊಂಡ ಮೇಲೂ ಅವರು ಕೆಲವು ವರ್ಷ ಗಟ್ಟಿಯಾಗಿದ್ದರು. ಕಳೆದ ವರ್ಷ ಎದೆನೋವೆಂದು ರಾಯಚೂರಿನ ಆಸ್ಪತ್ರೆಗೆ ಸೇರಿಸಿದಾಗ, ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು.

"ನಿಮ್ಮ ಮಾವ ಕಡೀಕ ನನ್ನ ಹೆಸರೂ ಮರತ್ರು. ನನಗ ಎಲ್ಲಾ ನೆನಪದ ನೋಡು. ಅವರದೂ ನಾನ ಇಟ್ಕೊಂಡೀನಿ."

ಆಮೇಲೆ ಹೊಳೆ ದಂಡೆಯ ತಮ್ಮ ತವರೂರು ಗೂಗಲ್‌ನ ಮಾತು ತೆಗೆದರು. ಮದುವೆಯಾದ ಹೊಸತರಲ್ಲಿ ಇಬ್ಬರೂ ಹರಿಗೋಲಿನಲ್ಲಿ ಕೃಷ್ಣೆ ದಾಟಿ ಆಚೆ ದಂಡೆಯ ನೆಂಟರ ಮನೆಗೆ ಹೋಗಿದ್ದರಂತೆ. "ನೀರು ನೋಡಿ ಅಂಜಿ ನನ್ನ ಕೈ ಗಟ್ಟಿ ಹಿಡ್ಕೊಂಡ್ರು. ಊರಾಗ ಯಾರಿಗೂ ಹೇಳಬ್ಯಾಡ ಅಂದಿದ್ರು. ನಾ ಹೇಳಿಲ್ಲ. ಇವತ್ತ ನಿನಗ ಹೇಳಾಕತ್ತೀನಿ."

ಅದೇ ವಾರ ಅತ್ತೆ ಹೋದರು. ಆ ಹರಿಗೋಲಿನ ಪಯಣ ಈಗ ನನ್ನಲ್ಲಿದೆ. ಅದನ್ನು ಇಟ್ಟುಕೊಳ್ಳುವ ತಲೆಯನ್ನು ಜತನ ಮಾಡಿ ಕೊಟ್ಟವರೂ ಅವರೇ.