ಕಾರಿಗಾಗಿ ಕೊಯ್ದ ಹ್ಯಾಂಡಲ್

ಕುರುಬರಹಳ್ಳಿಯ ಲಕ್ಷ್ಮೀಪತಿಯವರ ಮನೆಯಲ್ಲಿ ಕಾರಿಗೆ ಒಂದು ಕೋಣೆಯಷ್ಟು ಜಾಗವಿದೆ. ಮನುಷ್ಯರು ಮಾತ್ರ ಹೊಟ್ಟೆ ಒಳಗೆಳೆದುಕೊಂಡು, ಗೋಡೆಗೆ ಬೆನ್ನು ಸವರಿಕೊಂಡು ಗೇಟು ದಾಟಬೇಕು. ಕಾರು ಹೊರಗೆ ಹೋಗುವುದು ಯಾರದಾದರೂ ಮದುವೆ ಇದ್ದರೆ. ಉಳಿದ ದಿನ ಅದನ್ನು ಒರೆಸುವುದೇ ನಿವೃತ್ತ ಲಕ್ಷ್ಮೀಪತಿಯವರ ಸಂಧ್ಯಾವಂದನೆ.

ಅವರ ಹೆಂಡತಿ ಅನಂತಲಕ್ಷ್ಮಿ ಗೋವಿಂದರಾಜನಗರದ ಶಾಲೆಯೊಂದರಲ್ಲಿ ಗಣಿತದ ಮೇಡಂ. ವರ್ಷಗಟ್ಟಲೆ ಗಂಡನ ಸ್ಕೂಟರಿನ ಹಿಂದೆ ಕೂತು ಹೋದರು. ಹೋಗುವಾಗ "ನಾನಿಲ್ಲದಿದ್ರೆ ನಿನ್ನ ಗತಿ ಏನು" ಎಂಬ ಪ್ರವಚನ, ಬರುವಾಗ ಅದರ ಉತ್ತರಾರ್ಧ. ಅಷ್ಟರಲ್ಲಿ ಮಗ ಧ್ರುವ ಬೆಟ್ಟಗುಡ್ಡ ಇಳಿಯಲೆಂದು ಮೌಂಟನ್ ಬೈಕ್ ಎಂಬ ಸೈಕಲ್ ಕೊಂಡ. ಮೂರು ಭಾನುವಾರ ಇಳಿದು, ನಾಲ್ಕನೆಯ ಭಾನುವಾರ ಸೊಂಟ ಹಿಡಿದುಕೊಂಡು ಮಲಗಿದ. ಸೈಕಲ್ ಒದ್ದೆ ಟವೆಲ್ ಒಣಹಾಕುವ ಕಂಬಿಯಾಯಿತು. ಒಂದು ದಿನ ಅನಂತಲಕ್ಷ್ಮಿ ಟವೆಲ್ ತೆಗೆದು ಮಡಿಸಿಟ್ಟು, ಸೈಕಲನ್ನು ಹೊರಗೆ ತಳ್ಳಿಕೊಂಡು ಹೊರಟರು.

ಗೇಟಿನಲ್ಲೇ ಹ್ಯಾಂಡಲ್ಲಿನ ತುದಿ ಕಾರಿನ ಬಾಗಿಲಿಗೆ ಗೀರಿತು.

ಮನೆಯಲ್ಲಿ ಸೂತಕ. ಮರುದಿನವೇ ಲಕ್ಷ್ಮೀಪತಿಯವರು ಗ್ರಿಲ್ ಕೆಲಸದವನ ಹತ್ತಿರ ಹ್ಯಾಂಡಲ್ಲಿನ ಎರಡೂ ಕಡೆ ನಾಲ್ಕು ನಾಲ್ಕು ಬೆರಳಗಲ ಕೊಯ್ಯಿಸಿದರು. ಈ ಊರಿನ ನ್ಯಾಯವೇ ಅದು: ಕಾರಿಗೆ ರಸ್ತೆ ಸಾಲದಿದ್ದರೆ ಮರ ಕೊಯ್ಯುತ್ತಾರೆ, ಫುಟ್‌ಪಾತ್ ಕೊಯ್ಯುತ್ತಾರೆ, ಕಾರನ್ನು ಕೊಯ್ದವರನ್ನು ಯಾರೂ ಕಂಡಿಲ್ಲ. ಹೇಗೂ ಕೈ ಹಾಕಿದ್ದಾಯಿತು ಎಂದು ಸೀಟನ್ನೂ ಎತ್ತರಿಸಿದರು, ಟೈರಿಗೆ ಕಲ್ಲಿನಂತೆ ಗಾಳಿ ಹೊಡೆಸಿದರು. "ಸೈಕಲ್ ವಿಷಯ ನಂಗೆ ಹೇಳ್ಕೊಡ್ಬೇಡ ಕಣೇ, ನಾನು ಕಾಲೇಜಿಗೆ ಸೈಕಲ್ಲಲ್ಲೇ ಹೋದೋನು."

ಸೈಕಲ್ ಹೇಗೋ ಸವಾರರೂ ಹಾಗೆ. ಎತ್ತರದ ಸೀಟು ಮೇಡಂ ಅವರನ್ನು ಮುಂದಕ್ಕೆ ಬಗ್ಗಿಸಿತು, ಭಾರವೆಲ್ಲ ಮಣಿಕಟ್ಟಿಗೆ. ಗಿಡ್ಡ ಹ್ಯಾಂಡಲ್ ಉಸಿರು ಬಿಟ್ಟರೂ ತಿರುಗುತ್ತಿತ್ತು. ಗಟ್ಟಿ ಟೈರು ಸಣ್ಣ ಗುಂಡಿಗೂ ನೆಗೆಯುತ್ತಿತ್ತು. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಕಣ್ಣು ಮುಂದಿನ ಚಕ್ರದಲ್ಲೇ ನೆಟ್ಟು, ಚರಂಡಿ ಚಪ್ಪಡಿಯ ಅಂಚಿನಲ್ಲಿ ಕ್ಷಮೆ ಕೇಳಿಕೊಂಡು ಹೋಗುವವರಂತೆ ಹೋಗುತ್ತಿದ್ದರು. ಬಸ್ಸು ಹಾರನ್ ಮಾಡಿದರೆ ಇಳಿದೇಬಿಡುತ್ತಿದ್ದರು. ಕೊನೆಗೆ ಮಾಗಡಿ ರಸ್ತೆಯಲ್ಲಿ ಒಂದು ಗುಂಡಿ ಅವರನ್ನು ಬೀಳಿಸಿತು. ಮಂಡಿ ತರಚಿತು.

"ಸಾಕು ನಿನ್ನ ಸರ್ಕಸ್ಸು. ಈ ಭಾನುವಾರ ಮಾರಿಬಿಡ್ತೀನಿ. ಸ್ಕೂಟರಿದೆಯಲ್ಲ," ಎಂದರು ಲಕ್ಷ್ಮೀಪತಿ. ಧ್ವನಿಯಲ್ಲಿ ಗೆದ್ದವರ ಕರುಣೆ.

ಮತ್ತೆ ಆ ಹಿಂದಿನ ಸೀಟು, ಮತ್ತೆ ಪ್ರವಚನ. ಅನಂತಲಕ್ಷ್ಮಿ ಶನಿವಾರ ಶಾಲೆ ಬಿಟ್ಟ ಮೇಲೆ ಸೈಕಲ್ ತಳ್ಳಿಕೊಂಡು ವಿಜಯನಗರದ ಸೈಕಲ್ ಅಂಗಡಿಗೆ ನಡೆದರು. ಅಂಗಡಿಯ ಶಶಿಕುಮಾರ್ ಹ್ಯಾಂಡಲ್ ನೋಡಿ ಬಾಯಿಗೆ ಕೈ ಅಡ್ಡ ಹಿಡಿದ.

"ಆಂಟಿ, ಇದನ್ನ ಯಾರು ಕೊಯ್ದಿದ್ದು?"

"ನಮ್ಮನೆಯವರು."

"ಸೈಕಲ್ ಮೇಲೆ ಅಷ್ಟು ದ್ವೇಷನಾ?"

"ದ್ವೇಷ ಅಲ್ಲಪ್ಪ. ಕಾರಿನ ಮೇಲೆ ಪ್ರೀತಿ."

ಅಗಲದ ಹೊಸ ಹ್ಯಾಂಡಲ್ ಕೂತಿತು. ಸೀಟು ಇಳಿಯಿತು. ಟೈರಿನ ಗಾಳಿ ಹೆಬ್ಬೆರಳಿಗೆ ಬಗ್ಗುವಷ್ಟು ಕಡಿಮೆಯಾಯಿತು. ಮೇಡಂ ಹತ್ತಿ ಕೂತರೆ ಮೊಣಕೈ ತಾನಾಗಿಯೇ ಅಗಲವಾಯಿತು, ಎದೆ ತೆರೆಯಿತು, ತಲೆ ಎದ್ದಿತು. ತಲೆ ಎದ್ದಮೇಲೆ ಗುಂಡಿ ದೂರದಿಂದಲೇ ಕಂಡಿತು. ಪೆಡಲ್ ಸಮವಾಗಿಟ್ಟು, ಸೀಟಿನಿಂದ ಚೂರು ಮೇಲೆದ್ದರು; ಗುಂಡಿ ಕೆಳಗೆ ಹಾದುಹೋಯಿತು. ಬೆಟ್ಟ ಇಳಿಯಲು ಮಾಡಿದ ಸೈಕಲ್ಲಿಗೆ ನಮ್ಮ ರಸ್ತೆಗಿಂತ ಒಳ್ಳೆಯ ಬೆಟ್ಟ ಎಲ್ಲಿದೆ? ಹಿಂದಿನಿಂದ ಆಟೋದವನು ಹಾರನ್ ಒತ್ತಿದ. ಮೇಡಂ ಇಳಿಯಲಿಲ್ಲ, ಅಂಚಿಗೂ ಸರಿಯಲಿಲ್ಲ. "ಏನ್ ಆಂಟಿ, ರೋಡ್ ನಿಮ್ದಾ?" ಎಂದು ಪಕ್ಕಕ್ಕೆ ಬಂದ. "ನಂದೂ ಹೌದು," ಎಂದರು.

ಗೇಟಿನಲ್ಲಿ ಲಕ್ಷ್ಮೀಪತಿ ಕಾರು ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. ಹ್ಯಾಂಡಲ್ ನೋಡಿದರು, ಕಾರಿನ ಪಕ್ಕದ ಸಂದು ನೋಡಿದರು.

"ಏನೇ ಇದು? ಒಳಗೆ ಹೆಂಗೆ ಬರುತ್ತೆ?"

"ಹಿಂಗೇ ಎಳ್ಕೊಂಡು ಬರ್ತೀನಿ. ಗೀರುತ್ತೆ ಅಷ್ಟೇ."

"ಅಯ್ಯೋ, ತಡಿ ತಡಿ! ಕಾರು ಬೀದೀಲಿ ನಿಲ್ಲಿಸ್ತೀನಿ ಬಿಡು. ಎಲ್ರೂ ನಿಲ್ಲಿಸ್ತಾರಲ್ಲ."

"ಬೀದೀಲಿ ಬೇಡ ರೀ. ಅಲ್ಲಿ ನನ್ನಂಥೋರು ಓಡಾಡ್ತಾರೆ."

"ಮತ್ತೆ ಎಲ್ಲಿ ಇಟ್ಕೊಳ್ಲಿ, ತಲೆ ಮೇಲಾ?"

"ನಾನು ಹೋಗುವಾಗ ಬರುವಾಗ ಹೊರಗೆ ತಗೀರಿ, ಆಮೇಲೆ ಒಳಗೆ ಹಾಕಿ. ಇಷ್ಟು ವರ್ಷ ನನ್ನ ಡ್ರಾಪ್ ಮಾಡ್ತಿದ್ರಲ್ಲ, ಇದು ಅದಕ್ಕಿಂತ ಸುಲಭ."

ಭಾನುವಾರ ಸೈಕಲ್ ಕೊಳ್ಳಲು ಬಂದವನನ್ನು ಅನಂತಲಕ್ಷ್ಮಿಯೇ ಕಾಫಿ ಕೊಟ್ಟು ಕಳಿಸಿದರು.

ಈಗ ಶಾಲೆ ಇರುವ ದಿನವೆಲ್ಲ ಬೆಳಿಗ್ಗೆ ಲಕ್ಷ್ಮೀಪತಿಯವರು ಪಂಚೆ ಎತ್ತಿಕಟ್ಟಿ, ಒಂದು ಸೈಕಲ್ ಹೊರಹೋಗಲೆಂದು ಕಾರನ್ನು ರಸ್ತೆಗೆ ತರುತ್ತಾರೆ. ಹೆಂಡತಿ ಬೆಲ್ ಬಾರಿಸಿ ತಿರುವು ದಾಟುವವರೆಗೆ ಸ್ಟೀರಿಂಗ್ ಹಿಡಿದು ಕಾಯುತ್ತಾರೆ.

"ಏನ್ ಸಾರ್, ದಿನಾ ಬೆಳಿಗ್ಗೆ ಎಲ್ಲಿಗೆ ಸವಾರಿ?" ಎಂದು ಎದುರುಮನೆಯ ಪಂಚಾಕ್ಷರಿ ಕೇಳಿದರೆ, ಲಕ್ಷ್ಮೀಪತಿಯವರು ಗಂಭೀರವಾಗಿ ರಿವರ್ಸ್ ಗೇರ್ ಹಾಕುತ್ತಾರೆ.

"ಎಲ್ಲಿಗೂ ಇಲ್ಲ ಸಾರ್. ಇಂಜಿನ್ ಬಿಸಿ ಮಾಡ್ತಾ ಇದೀನಿ."