ಎಡಕ್ಕೆ ಸರಿದ ಚುಕ್ಕೆ

2023ರ ಫೆಬ್ರುವರಿಯಲ್ಲಿ ನಾನು ಮಧುಗಿರಿಯ ಹೊರವಲಯದ ಒಂದು ಬೊಂಬೆ ಘಟಕಕ್ಕೆ ಕ್ವಾಲಿಟಿ ಚೆಕ್ಕರ್ ಆಗಿ ಸೇರಿದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ದಿನವೂ ಕೊರಟಗೆರೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬೊಂಬೆ ಎಂದರೆ ಮಕ್ಕಳ ಆಟದ ಸಾಮಾನಲ್ಲ. ಸಿನಿಮಾದ ಪಾತ್ರಗಳನ್ನು ಮನುಷ್ಯನ ಆರನೇ ಒಂದು ಪಾಲಿಗೆ, ಅಂದರೆ ಸುಮಾರು ಹನ್ನೆರಡು ಇಂಚಿಗೆ ಇಳಿಸಿ ಮಾಡಿದ ಪ್ರತಿಮೆಗಳು. ದೂರದ ದೇಶಗಳಲ್ಲಿ ಇವನ್ನು ಗಾಜಿನ ಕಪಾಟಿನಲ್ಲಿಟ್ಟು ಕಾಪಾಡುವವರಿದ್ದಾರೆ. ಮೈ, ಬಟ್ಟೆ, ಬೂಟು ಬೇರೆಲ್ಲೋ ತಯಾರಾಗುತ್ತಿದ್ದವು. ನಮ್ಮಲ್ಲಿಗೆ ಬರುತ್ತಿದ್ದದ್ದು ತಲೆ ಮಾತ್ರ. ನಿಂಬೆಹಣ್ಣಿನ ಗಾತ್ರದ, ಬಣ್ಣವಿಲ್ಲದ ತಲೆ. ಇಪ್ಪತ್ತೆರಡು ಹೆಂಗಸರು ಅದಕ್ಕೆ ಚರ್ಮ, ನರ, ಗಡ್ಡ, ಕೊನೆಗೆ ಕಣ್ಣು ಬರೆಯುತ್ತಿದ್ದರು.

ನನ್ನ ಕೆಲಸ ಆ ಮುಖಗಳನ್ನು ಪಾಸ್ ಅಥವಾ ರಿಜೆಕ್ಟ್ ಮಾಡುವುದು. ಕೊಳ್ಳುವ ಕಂಪನಿ ಒಪ್ಪಿ ಸಹಿ ಹಾಕಿದ ಒಂದು ಮಾದರಿ ತಲೆ ನನ್ನ ಮೇಜಿನ ಮೇಲೆ ಇರುತ್ತಿತ್ತು. ಅದಕ್ಕೆ ಗೋಲ್ಡನ್ ಸ್ಯಾಂಪಲ್ ಎನ್ನುತ್ತಾರೆ. ಪ್ರತಿ ತಲೆಯನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಕಾಣಬಾರದು, ಅದು ಸೀಮ್. ಚರ್ಮಕ್ಕೆ ಹೊಳಪು ಬರಬಾರದು, ಕಣ್ಣಿಗೆ ಮಾತ್ರ ಬರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ನೋಟ. ಈ ಅಳತೆಯಲ್ಲಿ ಕಣ್ಣಿನ ಕರಿಗುಡ್ಡೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಅದರ ಮೇಲಿನ ಬೆಳಕಿನ ಚುಕ್ಕೆ ಅದಕ್ಕಿಂತ ಸಣ್ಣದು. ತಲೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಗೇಣು ದೂರದಲ್ಲಿ ಗುಂಡುಸೂಜಿ ನಿಲ್ಲಿಸುತ್ತಿದ್ದೆ. ಎರಡೂ ಕಣ್ಣು ಆ ಸೂಜಿಯನ್ನು ನೋಡುತ್ತಿರಬೇಕು. ಒಂದು ಕಣ್ಣು ಕೂದಲೆಳೆಯಷ್ಟು ಪಕ್ಕಕ್ಕೆ ಹೋದರೂ ಮುಖದೊಳಗಿನ ಮನುಷ್ಯ ಎದ್ದು ಹೋಗಿಬಿಡುತ್ತಾನೆ, ಪ್ಲಾಸ್ಟಿಕ್ ಉಳಿಯುತ್ತದೆ.

ರಿಜೆಕ್ಟ್ ಆದ ತಲೆಗಳನ್ನು ಶನಿವಾರ ಸುತ್ತಿಗೆಯಿಂದ ಒಡೆಯಬೇಕಿತ್ತು. ಒಂದೂ ಹೊರಗೆ ಹೋಗಬಾರದೆಂಬುದು ಒಪ್ಪಂದ. ಒಡೆದವುಗಳ ಲೆಕ್ಕವೂ ನನ್ನದೇ. ನನ್ನ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ: ದೋಷ, ಸಂಖ್ಯೆ.

ಕಣ್ಣು ಬರೆಯುವವರು ಇಬ್ಬರೇ. ಮಿಡಿಗೇಶಿಯ ಹನುಮಕ್ಕ, ಕೊಡಿಗೇನಹಳ್ಳಿಯ ಸುಜಾತ. ಹನುಮಕ್ಕನಿಗೆ ನಲವತ್ತಾರು. ಆಕೆಯ ತಂದೆ ಗೌರಿ ಹಬ್ಬಕ್ಕೆ ಮಣ್ಣಿನ ಮೂರ್ತಿ ಮಾಡುತ್ತಿದ್ದರಂತೆ. ಕಣ್ಣು ಬರೆಯುವ ಕೆಲಸ ಹತ್ತನೇ ವಯಸ್ಸಿನಿಂದ ಇವರದು. ಕಿಟಕಿ ಪಕ್ಕದ ಬೆಂಚು ಅವರಿಗೇ ಮೀಸಲು. ಅಲ್ಲಿಂದ ಎಬ್ಬಿಸಿದರೆ ಉಳಿಯುವುದು ಉಜ್ಜುವ ವಿಭಾಗ, ಅಲ್ಲಿ ದಿನವಿಡೀ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪ್ಲಾಸ್ಟಿಕ್ ಧೂಳು ಕುಡಿಯಬೇಕು. ಅಲ್ಲಿಂದ ಕಿಟಕಿಗೆ ಬರಲು ಹನುಮಕ್ಕನಿಗೆ ಮೂರು ವರ್ಷ ಹಿಡಿದಿತ್ತು.

ಏಪ್ರಿಲ್ 3, ಸೋಮವಾರ ಹೊಸ ಆರ್ಡರ್ ಶುರುವಾಯಿತು. ಸಿನಿಮಾದ ಕೊನೆಯಲ್ಲಿ ಸಾಯುವ ಒಬ್ಬ ಮುದಿ ಹಡಗಿನ ಕ್ಯಾಪ್ಟನ್. ಅದೇ ದಿನ ಹನುಮಕ್ಕ ಮನೆಯಿಂದ ಒಂದು ದುಂಡು ಕನ್ನಡಿ ತಂದರು. ತಲೆಯನ್ನು ಕನ್ನಡಿಯ ಕಡೆಗೆ ತಿರುಗಿಸಿ, ಪ್ರತಿಬಿಂಬ ನೋಡುತ್ತಾ ಚುಕ್ಕೆ ಇಡತೊಡಗಿದರು. ಯಾಕೆಂದು ಕೇಳಿದೆ.

"ಸತ್ತೋನ ಕಣ್ಣು ತೆರೆಸ್ಬೇಕಾದ್ರೆ ನೇರವಾಗಿ ನೋಡ್ಬಾರ್ದು ಕಣಮ್ಮ. ನಮ್ಮಪ್ಪನ ಪದ್ಧತಿ."

ಶಿರಾದ ರಫೀಕಣ್ಣ ನಮ್ಮ ಸೂಪರ್‌ವೈಸರ್. "ಅವ್ನು ಸಿನಿಮಾದಾಗೆ ಸತ್ತಿರೋದು ಹನುಮಕ್ಕ. ನಿನ್ ಕನಸಿಗೆ ಬರ್ಬೇಕಂದ್ರೆ ವೀಸಾ ಬೇಕು ಬಡ್ಡಿಮಗಂಗೆ," ಅಂದರು. ಎಲ್ಲರೂ ನಕ್ಕರು, ಹನುಮಕ್ಕನೂ ನಕ್ಕರು. ಪದ್ಧತಿ ಎಂದಮೇಲೆ ಯಾರೂ ಮುಂದೆ ಕೇಳಲಿಲ್ಲ. "ಕನ್ನಡಿ ಬಳಕೆ, ಸಾಂಪ್ರದಾಯಿಕ" ಎಂದು ನಾನು ಬರೆದುಕೊಂಡೆ.

ವಾರಕ್ಕೆ ಎಂಬತ್ತು ತಲೆ ಅವರ ಪಾಲು. ಮೊದಲ ವಾರ ರಿಜೆಕ್ಟ್ ಎರಡು. ಎರಡನೇ ವಾರ ಮೂರು. ಮೂರನೇ ವಾರ ಏಳು. ಅದರ ಎದುರಿಗೆ "ಗಮನಿಸಿ" ಎಂದು ಬರೆದು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ನಾಲ್ಕನೇ ವಾರ ಹನ್ನೊಂದು, ಐದನೇ ವಾರ ಹನ್ನೆರಡು. ಎಲ್ಲದರಲ್ಲೂ ಒಂದೇ ದೋಷ: ಬೆಳಕಿನ ಚುಕ್ಕೆ ಎಡಕ್ಕೆ ಸರಿದಿತ್ತು. ಕೈ ನಡುಗಿದರೆ ಚುಕ್ಕೆ ನಾಲ್ಕೂ ದಿಕ್ಕಿಗೆ ಹೋಗುತ್ತದೆ. ಒಂದೇ ಕಡೆಗೆ ಹೋಗುತ್ತಿದೆ ಎಂದರೆ ಅದಕ್ಕೆ ಕಾರಣವೂ ಒಂದೇ ಇರಬೇಕು. ಇಷ್ಟರವರೆಗೆ ನಾನು ಯೋಚಿಸಿದ್ದು ಸರಿಯಾಗಿಯೇ ಇತ್ತು. ಕನ್ನಡಿಯಲ್ಲಿ ಎಡ ಬಲ ಅದಲು ಬದಲಾಗುವುದರಿಂದ ಹೀಗಾಗುತ್ತಿದೆ ಎಂದು ತೀರ್ಮಾನಿಸಿದೆ.

ಕಂಪನಿಯವರು ಬಂದು ಪರೀಕ್ಷಿಸುವ ದಿನ ಹತ್ತಿರವಿತ್ತು. ರಫೀಕಣ್ಣನಿಗೆ ಚೀಟಿ ಕೊಟ್ಟೆ: "ದೋಷದ ಮೂಲ ಕನ್ನಡಿ. ಸೋಮವಾರದಿಂದ ತೆಗೆಯಬೇಕು." ಅವರು ಓದಿ, "ಪದ್ಧತಿ ಅಂತಾಳಲ್ಲ ಬೇಟಾ," ಅಂದರು. ಪದ್ಧತಿಗೆ ಗೋಲ್ಡನ್ ಸ್ಯಾಂಪಲ್ ಇಲ್ಲ ಅಂದೆ. ಆ ಮಾತು ನನಗೆ ಚೆನ್ನಾಗಿ ಕಂಡಿತ್ತು. ಮನೆಗೆ ಹೋಗಿ ಡೈರಿಯಲ್ಲೂ ಬರೆದಿಟ್ಟೆ.

ಮೇ 8ರ ಬೆಳಗ್ಗೆ ಕನ್ನಡಿ ತೆಗೆದುಕೊಳ್ಳಲು ಹೋದೆ. ಹನುಮಕ್ಕ ಅದನ್ನು ಸೆರಗಿನಿಂದ ಒರೆಸಿ ಕೊಟ್ಟರು. "ಈ ಆರ್ಡರ್ ಮುಗಿಯೋಗಂಟ ಇರ್ಲಿ ಬುಡಮ್ಮ," ಎಂದು ಒಂದು ಸಲ ಅಂದರು, ಎರಡನೇ ಸಲ ಅನ್ನಲಿಲ್ಲ. ನನ್ನ ಮೇಜಿಗೆ ತಂದಿಟ್ಟಾಗ ಅದರಲ್ಲಿ ನನ್ನ ಮುಖ ಕಂಡಿತು. ಮೂಗು ಅಂಗೈಯಷ್ಟು ದೊಡ್ಡದಾಗಿತ್ತು, ಮೂಗಿನ ಮೇಲಿನ ರಂಧ್ರಗಳನ್ನು ಎಣಿಸಬಹುದಿತ್ತು. ಅದು ಗಂಡಸರು ಗಡ್ಡ ಕೆರೆದುಕೊಳ್ಳುವ, ಮುಖವನ್ನು ದೊಡ್ಡದಾಗಿ ತೋರಿಸುವ ಕನ್ನಡಿ. ಅದನ್ನು ನೋಡಿದೆ. ನೋಡಿ, "ಕನ್ನಡಿ 1, ಸ್ಟೋರ್‌ರೂಮಿಗೆ" ಎಂದು ಬರೆದೆ.

ಬುಧವಾರ ಸಂಜೆಯ ಹೊತ್ತಿಗೆ ಹನುಮಕ್ಕ ಮುಗಿಸಿದ್ದು ನಲವತ್ತು, ರಿಜೆಕ್ಟ್ ಆದದ್ದು ಇಪ್ಪತ್ತಾರು. ಸೂಜಿಯನ್ನು ನೋಡುವ ಕ್ಯಾಪ್ಟನ್ ಹದಿನಾಲ್ಕೇ ಜನ. ಉಳಿದವರು ನನ್ನ ಭುಜದಾಚೆ ಎಲ್ಲೋ ನೋಡುತ್ತಿದ್ದರು.

ಗುರುವಾರ ಬೆಳಗ್ಗೆ ಕೈ ತೊಳೆಯುವ ನಲ್ಲಿಯ ಹತ್ತಿರ ಸುಜಾತ ನನ್ನನ್ನು ತಡೆದಳು. ಅವಳ ಕನ್ನಡದಲ್ಲಿ ತೆಲುಗು ಸೇರಿರುತ್ತದೆ. "ಮೇಡಂ, ಆ ಅದ್ದಂ ಆಮೆಗೆ ವಾಪಸ್ ಕೊಟ್ಬುಡ್ರಿ. ಇನ್ನ ನನ್ ಕೈಲಿ ಆಗಲ್ಲ," ಅಂದಳು. ಅದ್ದಂ ಎಂದರೆ ಕನ್ನಡಿ, ಆಮೆ ಎಂದರೆ ಆಕೆ. ಏನಾಗಲ್ಲ ಎಂದು ಕೇಳಿದೆ. ಮೂರನೇ ವಾರದಿಂದ ಹನುಮಕ್ಕನ ತಲೆಗಳಲ್ಲಿ ದಿನಕ್ಕೆ ನಾಲ್ಕೈದನ್ನು ಇವಳು ನನಗೆ ಗೊತ್ತಾಗದಂತೆ ಅಳಿಸಿ ಮತ್ತೆ ಬರೆಯುತ್ತಿದ್ದಳಂತೆ. ಹಾಗಾದರೆ ನನ್ನ ಏಳು ಏಳಲ್ಲ, ಹನ್ನೊಂದು ಹನ್ನೊಂದಲ್ಲ. ನಾನು ಕೆಂಪು ಗೆರೆ ಎಳೆದಿದ್ದ ಪುಟಗಳೆಲ್ಲ ಸುಳ್ಳು ಹೇಳುತ್ತಿದ್ದವು.

ಮುಖವನ್ನು ದೊಡ್ಡದು ಮಾಡುವ ಆ ಕನ್ನಡಿ, ಎಡಕ್ಕೇ ಸರಿಯುವ ಚುಕ್ಕೆ, ಎರಡೂ ಒಟ್ಟಿಗೆ ನೆನಪಾದವು. ನೇರವಾಗಿ ಕಿಟಕಿಯ ಬೆಂಚಿಗೆ ಹೋದೆ. "ಹನುಮಕ್ಕ, ಬಲಗಣ್ಣು ಮುಚ್ಕೊಂಡು ನನ್ನ ನೋಡಿ," ಅಂದೆ. ಅವರು ಕುಂಚವನ್ನು ನೀರಿಗೆ ಅದ್ದಿ, ಒರೆಸಿ, ಪಕ್ಕಕ್ಕಿಟ್ಟರು. ಆಮೇಲೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡರು. ಅವರ ಮುಖ ನಾನಿದ್ದ ಕಡೆಗಿತ್ತು, ನೋಟ ಮಾತ್ರ ನನ್ನ ಮೇಲಿರಲಿಲ್ಲ.

"ಇದ್ರಾಗೆ ಏನೂ ಇಲ್ಲ ಕಣಮ್ಮ. ಹೊಗೆ ಐತೆ. ಯುಗಾದಿ ಮುಂಚೆಯಿಂದ ಇಂಗೇ."

"ಮತ್ತೆ ಕನ್ನಡಿ? ನಿಮ್ಮಪ್ಪನ ಪದ್ಧತಿ ಅಂದ್ರಲ್ಲ?"

"ನಮ್ಮಪ್ಪ ಕನ್ನಡಿ ಇಕ್ಕೊಂಡು ಯಾವತ್ತೂ ಬರ್ದೋನಲ್ಲ. ಅದು ನಾನು ಕಟ್ಟಿದ್ ಮಾತು. ಕಣ್ಣು ಕಾಣಲ್ಲ ಅಂದ್ರೆ ಧೂಳಿಗೆ ಹಾಕ್ತಿದ್ರಿ. ಪದ್ಧತಿ ಅಂದ್ರೆ ಸುಮ್ಕಿರ್ತೀರಿ."

ಒಂದೇ ಕಣ್ಣಲ್ಲಿ ನೋಡುವವರಿಗೆ ಆಳ ತಿಳಿಯುವುದಿಲ್ಲ. ಕುಂಚದ ತುದಿ ತಲೆಯನ್ನು ಯಾವಾಗ ಮುಟ್ಟುತ್ತದೆಂದು ಗೊತ್ತಾಗದೆ, ಬಲಗಡೆಯಿಂದ ಬಂದ ಕುಂಚ ಕೂದಲೆಳೆಯಷ್ಟು ಮುಂದೆ ಹೋಗಿ, ಚುಕ್ಕೆ ಯಾವಾಗಲೂ ಎಡಕ್ಕೇ ಸರಿಯುತ್ತಿತ್ತು. ಉಳಿದ ಒಂದು ಕಣ್ಣಿಗೆ ಮುಖವನ್ನು ದೊಡ್ಡದು ಮಾಡಿ ತೋರಿಸುತ್ತಿದ್ದದ್ದು ಆ ಕನ್ನಡಿ. ಅದನ್ನೇ ನಾನು ದೋಷದ ಮೂಲ ಎಂದು ಬರೆದುಕೊಟ್ಟಿದ್ದೆ.

ಮೇ 12ರಂದು ರಫೀಕಣ್ಣ ರಜೆ ಕೊಟ್ಟು, ನಮ್ಮಿಬ್ಬರನ್ನು ತುಮಕೂರಿನ ಒಂದು ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ದಾರಿಯುದ್ದಕ್ಕೂ ಹನುಮಕ್ಕ ಕಂಪನಿಯವರು ಯಾವತ್ತು ಬರುತ್ತಾರೆಂದೇ ಕೇಳುತ್ತಿದ್ದರು. ಸಕ್ಕರೆ ಕಾಯಿಲೆ ಎಷ್ಟೋ ವರ್ಷಗಳಿಂದ ಇತ್ತು, ಅವರಿಗೇ ಗೊತ್ತಿರಲಿಲ್ಲ. ಎಡಗಣ್ಣಿನ ಒಳಗಿನ ಪರದೆ ಕಿತ್ತು ಬಂದಿದೆ, ಬಲಗಣ್ಣಲ್ಲೂ ರಕ್ತ ಒಸರುತ್ತಿದೆ ಎಂದರು ವೈದ್ಯೆ. ಯಾವಾಗಿನಿಂದ ಹೆಚ್ಚಾಯಿತು ಎಂಬ ಪ್ರಶ್ನೆಗೆ ಹನುಮಕ್ಕನಿಂದ ಸರಿಯಾದ ಉತ್ತರ ಬರಲಿಲ್ಲ. ಯಾವ ವಾರ ಎಷ್ಟು ತಲೆಗಳಲ್ಲಿ ಚುಕ್ಕೆ ತಪ್ಪಿತ್ತೆಂದು ಹೇಳಿ ನಾನು ನೋಟ್‌ಬುಕ್ ಕೊಟ್ಟೆ. ವೈದ್ಯೆ ಎರಡು, ಮೂರು, ಏಳು ಎಂದು ಬೆರಳಿಟ್ಟು ಓದುತ್ತಾ ಹೋಗಿ, ಕೆಂಪು ಗೆರೆಯ ಹತ್ತಿರ ನಿಂತರು.

"ಈ ವಾರ ಬಂದಿದ್ರೆ ಎಡಗಣ್ಣಿಗೂ ಏನಾದ್ರೂ ಮಾಡಬಹುದಿತ್ತೇನೋ," ಅಂದರು. ಹನುಮಕ್ಕ ನನ್ನ ಕಡೆ ತಿರುಗಿ, ಪುಸ್ತಕದಲ್ಲಿ ಏನು ಬರೆದಿದೆ ಎಂದು ಕೇಳಿದರು. ಅಲ್ಲಿ ಇದ್ದದ್ದು "ಗಮನಿಸಿ" ಎಂಬ ಒಂದೇ ಪದ.

ಮರುದಿನ ಶನಿವಾರ. ಹನುಮಕ್ಕನ ಇಪ್ಪತ್ತಾರು ತಲೆಗಳನ್ನು ಒಡೆದೆ. ಒಡೆಯುವ ಮುಂಚೆ ಪ್ರತಿಯೊಂದನ್ನೂ ಸೂಜಿಯ ಮುಂದಿಟ್ಟು ಮತ್ತೆ ನೋಡಿದೆ. ಎಲ್ಲವೂ ಎಡಕ್ಕೇ.

ಬಲಗಣ್ಣಿಗೆ ಲೇಸರ್ ಮಾಡಿದರು. ರಫೀಕಣ್ಣ ಯಜಮಾನರ ಜೊತೆ ವಾದಿಸಿ ಹನುಮಕ್ಕನನ್ನು ಉಜ್ಜುವ ವಿಭಾಗಕ್ಕೆ ಕಳಿಸದೆ ಪ್ಯಾಕಿಂಗಿಗೆ ಹಾಕಿದರು. ಅಲ್ಲಿ ಹನುಮಕ್ಕ ಹೆಬ್ಬೆರಳಿನಿಂದ ಕೆನ್ನೆ, ಕಿವಿಯ ಹಿಂಭಾಗ ಸವರಿ, ನಾನು ಭೂತಗನ್ನಡಿ ಹಿಡಿದು ಪಾಸ್ ಮಾಡಿದ ತಲೆಗಳಲ್ಲೂ ಸೀಮ್ ಹುಡುಕಿ ವಾಪಸ್ ಕಳಿಸುತ್ತಿದ್ದರು. ಎಣಿಸಿದ್ದೇನೆ, ಒಟ್ಟು ಹದಿನೇಳು. ಒಂದೂ ತಪ್ಪಿರಲಿಲ್ಲ. ದೀಪಾವಳಿಯವರೆಗೆ ಬಂದರು. ಆಮೇಲೆ ಬಸ್ಸಿನ ಬೋರ್ಡು ಕಾಣುವುದಿಲ್ಲವೆಂದು ನಿಲ್ಲಿಸಿದರು.

ಮರುವರ್ಷದ ಜನವರಿಯಲ್ಲಿ, ಸ್ಟೋರ್‌ರೂಮಿನಲ್ಲೇ ಉಳಿದಿದ್ದ ಕನ್ನಡಿ ಹಿಂತಿರುಗಿಸಲು ಮಿಡಿಗೇಶಿಗೆ ಹೋದೆ. ಬೆಟ್ಟದ ಕೆಳಗಿನ ಮನೆಯ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದರು. ದನಿಯಿಂದ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ತಪ್ಪಾಯಿತು ಎನ್ನಲು ಶುರುಮಾಡಿದೆ. ಅವರು ನನ್ನ ಗಲ್ಲ ಹಿಡಿದು, ಹೆಬ್ಬೆರಳಿನಿಂದ ದವಡೆಯ ಅಂಚನ್ನು ಸವರಿದರು. ಚಿಕ್ಕವಳಿದ್ದಾಗ ಬಿದ್ದು ಹೊಲಿಗೆ ಹಾಕಿಸಿಕೊಂಡ ಜಾಗದಲ್ಲಿ ಬೆರಳು ನಿಂತಿತು.

"ಇಲ್ಲೊಂದು ಸೀಮ್ ಐತಲ್ಲೇ. ನಾನು ಪಾಸ್ ಮಾಡಲ್ಲ ಬುಡು," ಅಂದರು. ನಕ್ಕರು. ಕನ್ನಡಿಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡರು.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ನೋಟ್‌ಬುಕ್ಕಿನಲ್ಲಿ ಈಗ ಮೂರು ಕಾಲಂ ಇವೆ: ದೋಷ, ಸಂಖ್ಯೆ, ಮತ್ತು "ಮಾಡಿದವರನ್ನು ಕೇಳಿದ ದಿನಾಂಕ". ಮೂರನೆಯದು ತುಂಬದೆ ಮೊದಲನೆಯದಕ್ಕೆ ಕಾರಣ ಬರೆಯುವುದಿಲ್ಲ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಬೊಂಬೆ ಎಲ್ಲಿ ನೋಡುತ್ತಿದೆ ಎಂದು ಐದು ವಾರ ಅಳೆದೆ. ಬರೆಯುವವರು ಹೇಗೆ ನೋಡುತ್ತಿದ್ದಾರೆಂದು ತಿಳಿಯಲು ಒಂದು ನಿಮಿಷ ಸಾಕಾಗಿತ್ತು. 2023ರ ಏಪ್ರಿಲ್ ಪುಟಗಳಲ್ಲಿ ಆ ಕಾಲಂ ಇಲ್ಲ. ಒಮ್ಮೆ ಸ್ಕೇಲ್ ಇಟ್ಟು ಗೆರೆ ಎಳೆದು ಸೇರಿಸಿದೆ. ಅದರಲ್ಲಿ ಬರೆಯಲು ಒಂದು ದಿನಾಂಕವೂ ಇರಲಿಲ್ಲ.